ವಾಸ್ತುಶಾಂತಿಗೆ ಕುಂಡ ತರುವ ಬೀಗರಿಗೊಂದು ಬಹಿರಂಗ ಪತ್ರ

ಪ್ರೀತಿಯ ಬೀಗರೇ, ನೆಂಟರಿಷ್ಟರೇ,

ಮೊದಲು ಉಪಕಾರ ಸ್ಮರಣೆ. ಹೊಸ ಮನೆಯ ವಾಸ್ತುಶಾಂತಿಗೆ ತಾವೆಲ್ಲ ಬಂದಿರಿ, ಹೋಳಿಗೆ ಉಂಡಿರಿ, ಟೈಲ್ಸಿನ ರೇಟು ಕೇಳಿದಿರಿ. ಹಿಂದೆ ಆಯೇರಿ ಎಂದರೆ ಟಾವೆಲ್ಲು, ಟೊಪ್ಪಿಗೆ, ಕುಬಸದ ಖಣ. ಅದೇ ಖಣ ಊರೂರು ಸುತ್ತಿ ಕಡೆಗೆ ಕೊಟ್ಟವರ ಮನೆಗೇ ಬಂದು ಸೇರುತ್ತಿತ್ತು. ಯಾರ ಜೀವಕ್ಕೂ ಅಪಾಯವಿರಲಿಲ್ಲ. ಈಗ ಕಾಲ ಸುಧಾರಿಸಿದೆ. ಸೊಲ್ಲಾಪುರದ ಕಡೆಯಿಂದ ಬಂದವರೂ ವಿಜಯಪುರದ ಕಡೆಯಿಂದ ಬಂದವರೂ ನರ್ಸರಿ ಮುಂದೆ ಗಾಡಿ ನಿಲ್ಲಿಸಿ, ಕೈಗೊಂದು ಕುಂಡ ಹಿಡಿದೇ ಬಂದಿರಿ. ನಮ್ಮ ಪಡಸಾಲೆ ಹೊಲಕ್ಕಿಂತ ಹಸಿರಾಯಿತು.

ಪ್ರತಿ ಕುಂಡಕ್ಕೂ ಒಂದು ಚೀಟಿ. ಮನಿಪ್ಲಾಂಟ್ ಆಗ್ನೇಯಕ್ಕಿಟ್ಟರೆ ದುಡ್ಡು. ಲಕ್ಕಿ ಬ್ಯಾಂಬೂ ಇದ್ದರೆ ಅದೃಷ್ಟ. ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕ ಕೊಡುತ್ತದಂತೆ. (ಕತ್ತಲಲ್ಲಿ ಯಾವ ಗಿಡವೂ ಆಮ್ಲಜನಕ ತಯಾರಿಸುವುದಿಲ್ಲ, ಇರಲಿ ಬಿಡಿ.) ದಿಕ್ಕು, ದೆಸೆ, ದುಡ್ಡು ಎಲ್ಲ ಬಲ್ಲ ಆ ಚೀಟಿಗೆ, ಈ ಎಲೆಯನ್ನು ಬೆಕ್ಕು ಕಚ್ಚಿದರೆ ಏನಾದೀತು ಎಂಬುದೊಂದು ಮಾತ್ರ ತಿಳಿದಿರಲಿಲ್ಲ.

ನಮ್ಮ ಕಡೆಯವರಿಗೆ ವಿಷದ ಗಿಡ ಗೊತ್ತಿಲ್ಲವೆಂದಲ್ಲ. ಇಂಡಿ ತಾಲೂಕಿನ ಯಾವ ರೈತನನ್ನಾದರೂ ಕೇಳಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳಕ್ಕೋ, ಕೊಯ್ದ ಮೇಲೆ ಮತ್ತೆ ಒಡೆದ ಕುಳೆಯ ಚಿಗುರಿಗೋ ದನ ಬಾಯಿ ಹಾಕಿದರೆ ಹಗ್ಗ ಜಗ್ಗಿ ಎಳೆದು ತರುತ್ತಾನೆ. ಆ ಚಿಗುರಿನ ಧುರಿನ್ ಎಂಬ ಅಂಶ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ. ಡಾಕ್ಟರು ಥಯೋಸಲ್ಫೇಟ್ ಸೂಜಿ ತರುವಷ್ಟರಲ್ಲಿ ಎತ್ತು ಕಾಲು ಚಾಚಿದರೂ ಚಾಚೀತು. ಧುರಿನ್ ಹೆಸರೇ ಕೇಳದ ಅಜ್ಜನಿಗೂ ಈ ಸಂಗತಿ ಗೊತ್ತು. ಬೇಲಿಯ ಕಣಗಿಲೆ ತಿಂದರೆ ಎದೆ ಬಡಿತ ತಪ್ಪುತ್ತದೆ, ಔಡಲ ಬೀಜ ಎಣ್ಣೆಗೆ ಸರಿ, ಬಾಯಿಗಲ್ಲ ಎಂಬುದೂ ಗೊತ್ತು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದ ಜನ, ಆಡಿನ ಹಿಂದೆ ಕೋಲು ಹಿಡಿದು ಹೋಗುವುದನ್ನೇನೂ ಬಿಡಲಿಲ್ಲ. ಯಾಕೆಂದರೆ ಒಳ್ಳೆಯ ಜೋಡಿ ಎತ್ತಿಗೆ ಲಕ್ಷದ ಮೇಲೆ ಬೆಲೆ. ಆಡಿಗೆ ಸಂತೆಯಲ್ಲಿ ಗಿರಾಕಿ. ಬೆಕ್ಕಿಗೆ ಸಂತೆಯಿಲ್ಲ. ಸಂತೆಯಿಲ್ಲದ ಪ್ರಾಣಿಯನ್ನು ಕೊಲ್ಲುವ ಸೊಪ್ಪು ಯಾವುದೆಂದು ಯಾರು ನೆನಪಿಟ್ಟಾರು?

ನಾಯಿಯ ಮರ್ಯಾದೆ ಕೊಂಚ ಮೇಲು. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಅಂಚೆಚೀಟಿ ಏರಿದ ನಾಯಿಗೂ ಸೈಕಸ್ ಬೀಜ ಅರಗುವುದಿಲ್ಲ. ಗೇಟಿನ ಎರಡೂ ಬದಿ ಶೋಭೆಗೆಂದು ತಾವು ಸೂಚಿಸಿದ, ಸಾಗೋ ಪಾಮ್ ಎಂದು ಮಾರುವ ಗಿಡವೇ ಅದು. ಬುಡದಿಂದ ತುದಿಯವರೆಗೆ ವಿಷ, ಬೀಜದಲ್ಲಿ ಇನ್ನೂ ಹೆಚ್ಚು. ಒಂದೆರಡು ಬೀಜ ನಾಯಿಯ ಯಕೃತ್ತನ್ನು ಕೆಡಿಸಿ ಜೀವ ತೆಗೆದೀತು.

ಮನಿಪ್ಲಾಂಟ್, ಡಿಫೆನ್‌ಬಾಕಿಯಾ, ಸಿಂಗೋನಿಯಂ, ಪೀಸ್ ಲಿಲಿ ಎಲ್ಲ ಒಂದೇ ಮನೆತನದವು. ಸುವರ್ಣಗಡ್ಡೆ ಹೆಚ್ಚುವಾಗ ಕೈ ಕೆರೆಯುತ್ತದಲ್ಲ, ಅದೂ ಇದೇ ವಂಶ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿರುತ್ತವೆ. ಕಚ್ಚಿದ ಬೆಕ್ಕಿನ ನಾಲಗೆ ಬಾತು, ಜೊಲ್ಲು ಸುರಿದು, ಅನ್ನ ನೀರು ಬಿಡುತ್ತದೆ; ಸಾಮಾನ್ಯವಾಗಿ ಬದುಕುತ್ತದೆ. ಬೀಗತಿಯೊಬ್ಬರು ಬೊಕೆಯಲ್ಲಿ ತಂದ ನಿಜವಾದ ಲಿಲಿ ಹೂವಿನ ಕಥೆ ಬೇರೆ. ಅದರ ಪರಾಗ ಮೈಗೆ ಮೆತ್ತಿ ಬೆಕ್ಕು ನೆಕ್ಕಿಕೊಂಡರೂ ಸಾಕು, ಹೂದಾನಿಯ ನೀರು ಕುಡಿದರೂ ಸಾಕು, ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಕೈಬಿಡಬಹುದು. ಅಷ್ಟು ಚೆಂದದ ಬೊಕೆಯನ್ನು ಅಷ್ಟು ಪ್ರೀತಿಯಿಂದ ತಂದದ್ದಕ್ಕೆ ಬೆಕ್ಕಿನ ಪರವಾಗಿಯೂ ವಂದನೆ.

ಲಕ್ಕಿ ಬ್ಯಾಂಬೂ, ಸ್ನೇಕ್ ಪ್ಲಾಂಟ್, ಲೋಳೆಸರ: ಇವು ವಾಂತಿ ಭೇದಿಯ ಬಾಬ್ತು. ನಮ್ಮ ಇಂಡಿ ಲಿಂಬೆಯೇನೂ ಸಾಧುವಲ್ಲ. 2023ರಲ್ಲಿ ಭೌಗೋಳಿಕ ಸೂಚಕ ಪಡೆದರೂ ಅದರ ಎಲೆ, ಸಿಪ್ಪೆಯ ಎಣ್ಣೆ ಬೆಕ್ಕು ನಾಯಿಗಳಿಗೆ ಒಗ್ಗದು. ಆದರೆ ಲಿಂಬೆ ತನ್ನ ಗುಣ ಮುಚ್ಚಿಡುವುದಿಲ್ಲ. ವಾಸನೆ ಬಡಿದರೆ ಸಾಕು, ಬೆಕ್ಕು ಮೂಗು ಮುರಿದು ಹೊರಟುಹೋಗುತ್ತದೆ. ಮನಿಪ್ಲಾಂಟಿಗೆ ಆ ದೊಡ್ಡಗುಣವೂ ಇಲ್ಲ.

ಬೆಕ್ಕೇಕೆ ಎಲೆ ತಿನ್ನಬೇಕು, ಇಲಿ ಹಿಡಿದರೆ ಸಾಲದೇ ಎಂದು ತಾವು ಕೇಳಬಹುದು. ನಮ್ಮ ಬೆಕ್ಕು ಇಲಿಯನ್ನೂ ಹಿಡಿಯುತ್ತದೆ. ಜೋಳದ ಚೀಲಗಳ ಕಾವಲು ಅದರದೇ, ಸಂಬಳವಿಲ್ಲದೆ. ಆದರೆ ಹುಲ್ಲು ಕಡಿಯುವುದು ಅದರ ಹುಟ್ಟುಗುಣ. ಹಳೆಯ ಮಣ್ಣಿನ ಮನೆಯ ಅಂಗಳದಲ್ಲಿ ಕರಿಕಿ ಇತ್ತು. ಅದನ್ನು ಕಿತ್ತು ನಾವು ಪೇವರ್ಸ್ ಹಾಕಿಸಿದೆವು, ತಾವು ಮೆಚ್ಚಿ ತಲೆದೂಗಿದಿರಿ. ಈಗ ಬೆಕ್ಕಿಗೆ ಸಿಗುವ ಹಸಿರೆಂದರೆ ತಮ್ಮ ಆಯೇರಿ ಮಾತ್ರ.

ಪಟ್ಟಣದ ಅಂಗಡಿಗಳಲ್ಲಿ ಕ್ಯಾಟ್ ಗ್ರಾಸ್ ಎಂದು ಗೋಧಿಯ ಸಸಿಯನ್ನು ಪುಟ್ಟ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ನವರಾತ್ರಿಗೆ ಘಟ ಹಾಕಿ, ಮಣ್ಣಿನಲ್ಲಿ ಕಾಳು ಬಿತ್ತಿ, ದಸರೆಗೆ ಆ ಸಸಿಯನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಒಂದು ಹಿಡಿ ಗೋಧಿ, ಒಡೆದ ಮಡಕೆಯ ತಳ, ಒಂದು ವಾರ. ಜೋಳ ಮಾತ್ರ ಬಿತ್ತಬೇಡಿ, ಕಾರಣ ಮೇಲೆ ಹೇಳಿಯಾಗಿದೆ.

ಕುಂಡವೇ ತರುವ ಹಟವಿದ್ದರೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ತನ್ನಿ. ಲೋಳೆಸರದ ಮರಿಯಂತೆ ಕಾಣುವ ಹಾವರ್ಥಿಯಾ ಕೂಡ ಸಾಧು. ಗುಲಾಬಿ, ಮಲ್ಲಿಗೆಗೂ ತಕರಾರಿಲ್ಲ. ಇವು ಯಾವ ದಿಕ್ಕಿಗಿಟ್ಟರೂ ದುಡ್ಡು ಬರುವುದಿಲ್ಲ ಎಂಬ ಕೊರತೆಯೊಂದಿದೆ, ಸಹಿಸಿಕೊಳ್ಳುತ್ತೇವೆ.

ಇನ್ನೊಂದು. ಬೆಕ್ಕು ಎಲೆ ಕಚ್ಚಿದೆ ಎಂದು ಫೋನು ಮಾಡಿದಾಗ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದು ತಮ್ಮಲ್ಲಿ ಹಿರಿಯರೊಬ್ಬರು ಉಪದೇಶಿಸಿದರು. ಉಪ್ಪು ಹೆಚ್ಚಾದರೆ ಅದೇ ಎರಡನೆಯ ವಿಷ. ಬಾಯಿ ಒರೆಸಿ, ಕಚ್ಚಿದ ಎಲೆಯನ್ನೂ ಜೊತೆಗಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡುವುದೇ ದಾರಿ. ಲಿಲಿಯಾದರೆ ಲಕ್ಷಣ ಕಾಣಲಿ ಎಂದು ಕಾಯುವಂತೆಯೇ ಇಲ್ಲ.

ಶ್ರಾವಣದಲ್ಲಿ ತಮ್ಮ ಕಡೆಯೂ ಎರಡು ವಾಸ್ತುಶಾಂತಿ ಇವೆಯೆಂದು ಕೇಳಿದೆವು. ಮನೆಯಲ್ಲಿ ಬೆಕ್ಕು ನಾಯಿ ಸಾಕಿದ್ದೀರೋ ಇಲ್ಲವೋ, ಮುಂಚಿತವಾಗಿ ತಿಳಿಸಬೇಕು. ಇಲ್ಲವೆಂದಾದರೆ ನಾಲ್ಕು ಡಿಫೆನ್‌ಬಾಕಿಯಾ, ಎರಡು ಮನಿಪ್ಲಾಂಟ್ ಸಿದ್ಧ ಇವೆ, ಚೀಟಿ ಸಮೇತ.

ಇಂತಿ,
ಬೆಕ್ಕಿನ ಮನೆಯವರು, ಹೊರ್ತಿ