ಸ್ಪ್ಯಾನರ್ ಭಾವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಯಾವ ಊರಿಗೆ ಹೋದರೂ ಒಬ್ಬ ಸ್ಪ್ಯಾನರ್ ಭಾವ ಸಿಕ್ಕೇ ಸಿಗುತ್ತಾರೆ. ಒಂದಿಷ್ಟು ಅಡಿಕೆ ತೋಟ, ಅಂಗಳದಲ್ಲೊಂದು ಮಾರುತಿ 800. ಕಂಪನಿ 2014ರಲ್ಲಿ ಆ ಕಾರು ಮಾಡುವುದನ್ನೇ ನಿಲ್ಲಿಸಿತು. ಭಾವ ರಿಪೇರಿ ನಿಲ್ಲಿಸಿಲ್ಲ. ದುಡ್ಡಿಲ್ಲ ಅಂತಲ್ಲ. ತನ್ನ ಕಾರಿನ ಬೋಲ್ಟನ್ನು ಇನ್ನೊಬ್ಬ ತಿರುಗಿಸುವುದನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದು ಅವರಿಂದಾಗದು.

ಮಳೆಗಾಲ ಮುಗಿಯುವಷ್ಟರಲ್ಲಿ ಮುಂದಿನ ಶಾಕಬ್ಸರ್ ಎಣ್ಣೆ ಕಾರಿರುತ್ತದೆ. ಮನೆಯ ಏರಿನಲ್ಲಿ ಗಡಗಡ ಸದ್ದು. ಗ್ಯಾರೇಜುಗಳು ಬಾಗಿಲು ಹಾಕಿದ ಭಾನುವಾರವನ್ನೇ ಆರಿಸಿಕೊಂಡು ಭಾವ ಲುಂಗಿ ಎತ್ತಿ ಕಟ್ಟುತ್ತಾರೆ.

"ಅದಕ್ಕೆ ಬೇರೆ ಟೂಲ್ಸ್ ಬೇಕಂತಲ್ಲ?" ಎಂದು ಅಕ್ಕ ಜಗುಲಿಯಿಂದ ಕೇಳುತ್ತಾಳೆ.

"ಎಂತ ಟೂಲ್ಸ್ ಮಾರಾಯ್ತಿ! ಡ್ರೈವರ್ ಕಂಡಕ್ಟರುಗಳೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದ ಊರು ನಮ್ಮ ಕೊಪ್ಪ. ಅವ್ರು ಬಸ್ ಕಂಪನಿಯನ್ನೇ ನಡೆಸಿದ್ರು, ನಂಗೆ ಒಂದು ಶಾಕಬ್ಸರ್ ಬಿಚ್ಚಕ್ಕಾಗಲ್ವಾ?"

"ಅದೂ 2020ರಲ್ಲಿ ನಿಂತೋಯ್ತಲ್ಲ."

ಭಾವ ಕೇಳಿಸದವರಂತೆ ಜಾಕಿ ಹುಡುಕಲು ಹೋಗುತ್ತಾರೆ.

ಒಪ್ಪಲೇಬೇಕು, ಅವರಿಗೆ ಕೆಲಸ ಗೊತ್ತು. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸುತ್ತಾರೆ; ಎತ್ತಿದ ಮೇಲೆ ಒತ್ತಿದರೆ ನಟ್ಟಿನ ಬದಲು ಚಕ್ರವೇ ತಿರುಗೀತು. ಹಿಂದಿನ ಗಾಲಿಗೆ ಕಲ್ಲು. ಜಾಕಿಯನ್ನು ನಂಬದೆ ಅಡಿಗೆ ಹಲಸಿನ ದಿಮ್ಮಿ. ತುಕ್ಕು ಹಿಡಿದ ಕೆಳಗಿನ ಬೋಲ್ಟುಗಳಿಗೆ ಶನಿವಾರ ರಾತ್ರಿಯೇ ಡೀಸೆಲ್ ಅಭಿಷೇಕವಾಗಿದೆ. ಆದರೂ ಕದಲದಿದ್ದರೆ ತೋಟದ ಕಬ್ಬಿಣದ ಪೈಪನ್ನು ಸ್ಪ್ಯಾನರಿಗೆ ತೊಡಿಸುತ್ತಾರೆ: ಹಿಡಿ ಉದ್ದವಾದಷ್ಟೂ ರಟ್ಟೆಗೆ ಕೆಲಸ ಕಡಿಮೆ. ವಾಪಸ್ ಜೋಡಿಸುವಾಗ ಚಕ್ರ ವಾಲದಿರಲಿ ಎಂದು ಬೋಲ್ಟು ಕೂತ ಜಾಗಕ್ಕೆ ಮಗಳ ನೈಲ್ ಪಾಲಿಶಿನಿಂದ ಗುರುತು. ಶಾಕಬ್ಸರಿಗೆ ಅಂಟಿಕೊಂಡ ಬ್ರೇಕ್ ಹೋಸಿನ ಕ್ಲಿಪ್ಪು ಬಿಡಿಸಿ, ಚಕ್ರದ ಹಬ್ಬು ಜೋತುಬಿದ್ದು ಹೋಸನ್ನು ಜಗ್ಗದಂತೆ ಹಗ್ಗ ಹಾಕಿ ಕಟ್ಟುತ್ತಾರೆ. ಅದು ಬಟ್ಟೆ ಒಣಹಾಕುವ ಹಗ್ಗವೆಂದು ಅಕ್ಕನಿಗೆ ತಿಳಿಯುವುದು ಸಂಜೆಗೆ.

ಇಷ್ಟರಲ್ಲಿ ಪಕ್ಕದ ಮನೆ ಗೌಡರು ಹಾಜರು. "ನಮ್ ಹಳೇ ಜೀಪಿಗಾದ್ರೆ ಪ್ಲೇಟ್ ಬೇರೆ, ಶಾಕಬ್ಸರ್ ಬೇರೆ. ಮೇಲೊಂದು ಕೆಳಗೊಂದು ನಟ್ಟು, ಮುಗೀತು." ಮಾರುತಿಯಲ್ಲಿ ಹಾಗಲ್ಲ, ಶಾಕಬ್ಸರಿನ ಸುತ್ತಲೇ ಸುರುಳಿ ಸ್ಪ್ರಿಂಗು. ಬಾನೆಟ್ ಎತ್ತಿ ಮೇಲಿನ ನಟ್ಟುಗಳನ್ನು ಬಿಚ್ಚಿದರೆ ಇಡೀ ಸರಂಜಾಮು ಕೈಗೆ ಬರುತ್ತದೆ. ಬಂತು ಕೂಡ. ಈಗ ಉಳಿದದ್ದು ನೆತ್ತಿಯ ನಡುವಿನ ಒಂದೇ ನಟ್ಟು. ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು ಅದೇ. ಸ್ಪ್ರಿಂಗ್ ಅದುಮುವ ಕಂಪ್ರೆಸರ್ ಹಾಕದೆ ಅದನ್ನು ಬಿಚ್ಚಿದರೆ ಸ್ಪ್ರಿಂಗು ಚಿಮ್ಮಿ ದವಡೆ ಒಡೆಯಬಹುದು, ಜೀವವೂ ಹೋಗಬಹುದು.

"ಹಗ್ಗದಲ್ಲಿ ಬಿಗಿದು ಬಿಚ್ಚಿದ್ರೆ?" ಎನ್ನುತ್ತಾರೆ ಭಾವ. ಬೆಂಗಳೂರಿನಿಂದ ಬಂದ ಅಳಿಯ ಟಾರ್ಚ್ ಸಮೇತ ಹಿಂದೆ ಸರಿಯುತ್ತಾನೆ. ಗೌಡರು ಅಡಿಕೆ ಮರದ ಮರೆಗೆ ಹೋಗಿ ಅಲ್ಲಿಂದ ಧೈರ್ಯ ತುಂಬುತ್ತಾರೆ: "ಬಿಚ್ಚಿ ಭಟ್ರೇ, ಎಂತ ಆಗಲ್ಲ!"

"ಅದನ್ನ ಮುಟ್ಟಿದ್ರೆ ಇವತ್ತು ಊಟ ಇಲ್ಲ" ಎಂದಳು ಅಕ್ಕ.

ಭಾವ ಸ್ಪ್ಯಾನರ್ ಕೆಳಗಿಟ್ಟರು. "ಊಟಕ್ಕಲ್ಲ. ನಟ್ಟಿನ ಥ್ರೆಡ್ ಹಾಳಾಗ್ಬಾರ್ದಲ್ಲ, ಅದಕ್ಕೆ."

ಒಂದು ಬದಿ ಹೋದರೂ ಎರಡೂ ಬದಿಗೆ ಹೊಸದು ಹಾಕಬೇಕೆಂಬುದು ಭಾವನ ಶಾಸ್ತ್ರ. ಶಾಸ್ತ್ರ ಸರಿಯೇ ಇದೆ. ಹಾಗಾಗಿ ಸೋಮವಾರ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ಬಸ್ ಹತ್ತುತ್ತಾರೆ. ಕಂಡಕ್ಟರ್ ಲಗೇಜ್ ಕೇಳಿದರೆ, "ಲಗೇಜಲ್ಲ ಮಾರಾಯ, ಕಾರು" ಎನ್ನುತ್ತಾರೆ. ಗ್ಯಾರೇಜಿನ ಹುಡುಗ ಕಂಪ್ರೆಸರ್ ಬಿಗಿದು ಮಾತಾಡದೆ ಕೆಲಸ ಮುಗಿಸುತ್ತಾನೆ. ಮಾತು ಪೂರ್ತಿ ಭಾವನದೇ. ಊರಿಗೆ ಬಂದ ಮೇಲಿನ ವರದಿ: "ಎಲ್ಲ ನಾನೇ ಮಾಡಿದ್ದು. ಆ ಹುಡುಗ ಸ್ವಲ್ಪ ಹಿಡ್ಕೊಂಡ, ಅಷ್ಟೆ."

ಆಮೇಲೆ ಶೃಂಗೇರಿಯಲ್ಲೊಂದು ಮದುವೆ. ಭಾವ ಕೈ ತೊಳೆದವರೇ ಹೊರಗೆ ನಿಂತ ಕಾರುಗಳ ಮೂತಿಯನ್ನು ಒಂದೊಂದಾಗಿ ಅದುಮಿ ಬಿಡತೊಡಗಿದರು. ಮೇಲೆದ್ದು ತಟ್ಟನೆ ನಿಂತರೆ ಪಾಸು. ಕುಣಿಯುತ್ತಲೇ ಇದ್ದರೆ "ಹೋಗಿದೆ". ಕೊನೆಗೆ ಮದುಮಗನ ಕಾರಿಗೂ ಕೈ ಹಾಕಿದರು. ಸೇವಂತಿಗೆ ಹಾರ ಜಾರಿ ಬಿತ್ತು, ಕಾರು ಕುಣಿಯಿತು. ಮದುಮಗನ ಅಪ್ಪ ಶಲ್ಯ ಸರಿಮಾಡಿಕೊಳ್ಳುತ್ತಾ ಓಡಿ ಬಂದರು.

"ಎಂತಾಯ್ತು ಭಾವ?"

"ಎರಡೂ ಕಡೆ ಹೋಗಿದೆ. ನಿಮ್ಮನೇಲಿ ಹಲಸಿನ ದಿಮ್ಮಿ ಇದ್ಯಾ?"