ಒತ್ತಕ್ಷರದ ನೆಪ

ಅಹಮದಾಬಾದಿನಲ್ಲಿ ನಾವಿರುವ ಬಡಾವಣೆಯ ಹೆಸರು ಸ್ಯಾಟಲೈಟ್. ಊರಿನವರು ಫೋನು ಮಾಡಿ "ಎಲ್ಲದಿಯೋ ಈಗ?" ಎಂದರೆ "ಸ್ಯಾಟಲೈಟ್‌ನ್ಯಾಗ" ಎನ್ನುತ್ತೇನೆ. ಆ ಕಡೆ ಒಂದು ಗಳಿಗೆ ಸದ್ದಿರುವುದಿಲ್ಲ. ಹತ್ತಿರದ ಜೋಧಪುರ ಟೇಕ್ರಾದಲ್ಲಿ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಇರುವುದರಿಂದ ಬಂದ ಹೆಸರದು. ಇಂಥ ವಿಳಾಸದಲ್ಲಿ ಕೂತು ನಾನು ಮಾಡುವುದು ಪಂಪ್‌ಸೆಟ್ಟಿನ ಕೈಪಿಡಿಗಳ ಕನ್ನಡ ಅನುವಾದ.

ಹೊಸ ಮಾನಿಟರ್ ಬೇಕೆಂದು ಮನೆಯಲ್ಲಿ ಮಾತು ತೆಗೆದಾಗ ನಾನು ಮುಂದೆ ಬಿಟ್ಟದ್ದು ಒತ್ತಕ್ಷರಗಳನ್ನು. ಹಳೆಯದು 27 ಇಂಚಿನದು, ಆದರೆ ಬರೀ ಫುಲ್ ಎಚ್‌ಡಿ. ಇಂಚಿಗೆ ಸುಮಾರು 82 ಚುಕ್ಕಿ. ಇಂಗ್ಲಿಷಿಗೆ ಅದು ಸಾಕು. 'ರಾಷ್ಟ್ರ' ಎಂದು ಬರೆದು ನೋಡಿ, ಷಕಾರದ ಕೆಳಗೆ ಇರುವೆಗಳು ಸಭೆ ಸೇರಿದಂತೆ ಕಾಣುತ್ತದೆ. 4ಕೆ ಆದರೆ ಅಷ್ಟೇ ಅಗಲದ ಪರದೆಯಲ್ಲಿ ಇಂಚಿಗೆ 163 ಚುಕ್ಕಿ. ಹೆಂಡತಿ ಎಲ್ಲ ಕೇಳಿಸಿಕೊಂಡು, "ಒತ್ತಕ್ಷರಕ್ಕ 120 ಹರ್ಟ್ಸ್ ಯಾಕ್ ಬೇಕ್ರೀ?" ಎಂದಳು. ಬ್ರೌಸರಿನ ಪುಟ ಮುಚ್ಚುವುದನ್ನು ಮರೆತಿದ್ದೆ.

ಮರ್ಯಾದೆಯಿಂದ ಒಪ್ಪಿಕೊಳ್ಳುತ್ತೇನೆ: ನನ್ನ ಆಟದ ಕನ್ಸೋಲು ಪ್ಲೇಸ್ಟೇಷನ್ 5, ಅಂದರೆ ಪಿಎಸ್5, ಸೆಕೆಂಡಿಗೆ 120 ಚಿತ್ರಗಳವರೆಗೆ ಕಳಿಸಬಲ್ಲದು, ನನ್ನ ಹಳೆಯ ಪರದೆ 60ಕ್ಕೇ ಕೈ ಚೆಲ್ಲುತ್ತಿತ್ತು. ಹಾಗಂತ ಡಬ್ಬಿಯ ಮೇಲೆ 144 ಎಂದು ಕಂಡಕೂಡಲೇ ದುಡ್ಡು ಎಣಿಸಬಾರದು. ಆ 144 ಎಷ್ಟೋ ಸಲ ಡಿಸ್‌ಪ್ಲೇಪೋರ್ಟಿನದಾಗಿರುತ್ತದೆ, ಕನ್ಸೋಲಿಗೆ ಆ ಕಿಂಡಿಯೇ ಇಲ್ಲ. 4ಕೆ ಜೊತೆಗೆ 120 ಬೇಕೆಂದರೆ ಎಚ್‌ಡಿಎಂಐ 2.1 ಇರಬೇಕು. ನಡುವಿನ 1440ಪಿ ಅಗ್ಗ. ಆದರೆ 2022ರ ಸೆಪ್ಟೆಂಬರ್‌ವರೆಗೂ ಪಿಎಸ್5 ಅದರ ಗುರುತೇ ಇಲ್ಲದಂತೆ ನಡೆದುಕೊಂಡಿತ್ತು. ಅಂಥ ಸಂಬಂಧ ನನಗೆ ಬೇಡವೆನಿಸಿತು.

ರಿಲೀಫ್ ರೋಡಿನ ಅಂಗಡಿಯವನು, "ಗೇಮ್ ಮಾಟೆ ಕೇ ಕಾಮ್ ಮಾಟೆ?" ಎಂದು ಕೇಳಿದ. ಆಟಕ್ಕೋ ಕೆಲಸಕ್ಕೋ! ನರೆತ ಮೀಸೆ ನೆನಪಾಗಿ "ಕಾಮ್ ಮಾಟೆ" ಎಂದೆ. ಸರ್ಕಾರಿ ಕಚೇರಿಯ ಗೋಡೆಯಂಥ ಒಂದು ಪರದೆ ತಂದಿಟ್ಟ. "ದೀಕ್ರಾ ಮಾಟೆ" ಎಂದು ತಿದ್ದಿದೆ. ಮಗನಿಗೆ ಎಂದದ್ದೇ ತಡ, ಒಳಗಿನ ಕೋಣೆಯಿಂದ ಒಳ್ಳೊಳ್ಳೆ ಡಬ್ಬಿಗಳು ಹೊರಬಂದವು. ನಮಗಿರುವುದು ಒಬ್ಬಳೇ ಮಗಳು, ವಡೋದರಾದಲ್ಲಿ ಓದುತ್ತಾಳೆ.

ಕೊನೆಗೆ ಕೊಂಡದ್ದು ಸೂರತ್ತಿನಲ್ಲಿ, ವಜ್ರದ ಕಸುಬಿನ ಗೆಳೆಯನ ಗುರುತಿನ ಅಂಗಡಿಯಲ್ಲಿ. ಪರದೆಯನ್ನು ಬೆಳ್ಳಗೆ ಬೆಳಗಿಸಿ, ಗೆಳೆಯ ಜೇಬಿನಿಂದ ಹತ್ತು ಪಟ್ಟು ಹಿಗ್ಗಿಸುವ ಲೂಪ್ ತೆಗೆದು ಕಣ್ಣಿಗಿಟ್ಟ. ಸತ್ತ ಚುಕ್ಕಿ ಹುಡುಕಬೇಕಿತ್ತು. ಒಟ್ಟು ಚುಕ್ಕಿ ಸುಮಾರು 83 ಲಕ್ಷ. ಎರಡು ಮೂಲೆ ನೋಡಿ "ಪಾಸ್" ಎಂದ. ನಾನೂ ಇಣುಕಿದೆ. ಬಿಳಿ ಎಲ್ಲೂ ಇರಲಿಲ್ಲ, ಕೆಂಪು ಹಸಿರು ನೀಲಿ ಎಸಳುಗಳು ಸಾಲಾಗಿ ಕೂತಿದ್ದವು, ಅಷ್ಟೇ.

ರೈಲಿನಲ್ಲಿ ಡಬ್ಬಿಯನ್ನು ಮಡಿಲ ಕೂಸಿನಂತೆ ಹಿಡಿದು ಕೂತೆ. ಥೇಪ್ಲಾ ಕೊಟ್ಟವರೆಲ್ಲ "ಕೇಟ್ಲಾ ಮಾ ಪಡ್ಯುಂ?" ಎಂದು ಬೆಲೆ ಕೇಳಿದರು. ಈ ಕಡೆ ಬೆಲೆ ಕೇಳುವುದು ಕ್ಷೇಮಸಮಾಚಾರವಿದ್ದಂತೆ. ನಾನು ಹೇಳಿದ ಅಂಕಿಗೆ ಪ್ರತಿಯೊಬ್ಬರೂ ಮರುಕದಿಂದ ತಲೆಯಾಡಿಸಿ, ತಾವಾಗಿದ್ದರೆ ಎಷ್ಟಕ್ಕೆ ತರುತ್ತಿದ್ದೆವೆಂದು ತಿಳಿಸಿದರು. ಭರೂಚ್ ದಾಟುವ ಹೊತ್ತಿಗೆ ನಾಲ್ಕು ಸಾವಿರ ಇಳಿದಿತ್ತು. ಇನ್ನೆರಡು ನಿಲ್ದಾಣ ಹೆಚ್ಚಿದ್ದರೆ ಪುಕ್ಕಟೆಯೇ ಆಗುತ್ತಿತ್ತೋ ಏನೋ. ವಡೋದರಾದಲ್ಲಿ ಮಗಳು ಪ್ಲಾಟ್‌ಫಾರ್ಮಿಗೆ ಲೀಲೋ ಚೇವಡೋ ಪೊಟ್ಟಣ ತಂದಿದ್ದಳು. ಡಬ್ಬಿಯ ಮೇಲಿನ 'ಗೇಮಿಂಗ್' ಓದಿ, ನನ್ನ ಮುಖವನ್ನೂ ಓದಿ, ಕಿಟಕಿಯೊಳಗೆ ಪೊಟ್ಟಣ ತೂರಿಸಿ ನಕ್ಕಳು.

ಉತ್ತರಾಯಣಕ್ಕೆ ಅಪ್ಪ ಬಂದ. ಮೇಲೆ ಗಾಳಿಪಟಗಳ ಗದ್ದಲ, ಅವನ ಕಣ್ಣು ಮಾತ್ರ ಇಸ್ರೋದ ದೊಡ್ಡ ತಟ್ಟೆಗಳ ಕಡೆಗೆ. ಆಗಿನ ಬಿಜಾಪುರ ಜಿಲ್ಲೆಯ ನಮ್ಮ ಹಳ್ಳಿ, ಉಪಗ್ರಹದಿಂದ ಊರೂರಿಗೆ ಟಿವಿ ತಲುಪಿಸಿದ 'ಸೈಟ್' ಪ್ರಯೋಗದ 2,400 ಹಳ್ಳಿಗಳಲ್ಲಿ ಒಂದು. 1975ರ ಆಗಸ್ಟ್ 1ರಿಂದ ಸರಿಯಾಗಿ ಒಂದು ವರ್ಷ, ಅಮೆರಿಕ ಕಡ ಕೊಟ್ಟ ಎಟಿಎಸ್-6 ಉಪಗ್ರಹಕ್ಕೆ ಅಹಮದಾಬಾದಿನಿಂದ ಕಾರ್ಯಕ್ರಮ ಏರುತ್ತಿತ್ತು. ಅಲ್ಲಿಂದ ಬಿಜಾಪುರ, ಗುಲ್ಬರ್ಗ, ರಾಯಚೂರಿನ ಹಳ್ಳಿಗಳಿಗೆ ಕನ್ನಡದಲ್ಲಿ ಇಳಿಯುತ್ತಿತ್ತು. ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ಹತ್ತಡಿ ಛತ್ರಿ, ಶಾಲೆಯ ಪಡಸಾಲೆಯಲ್ಲಿ ಕಪ್ಪುಬಿಳುಪು ಪೆಟ್ಟಿಗೆ, ಎದುರಿಗೆ ಇಡೀ ಊರು. ವರ್ಷ ಮುಗಿಯಿತು, ಉಪಗ್ರಹ ತನ್ನ ದಾರಿ ಹಿಡಿಯಿತು. "ಇಲ್ಲಿಂದನ ಬರ್ತಿತ್ತೇನು!" ಎಂದ ಅಪ್ಪ, ಬಹಳ ದಿನದ ಬಾಕಿ ವಸೂಲಾದವನಂತೆ.

ಸಂಜೆ ನಾನು ಫುಟ್‌ಬಾಲ್ ಆಟ ಹಚ್ಚಿದೆ. ಹುಲ್ಲಿನ ಎಳೆ ಎಳೆ ಕಾಣುವುದನ್ನು ತೋರಿಸಬೇಕೆಂದು ಅಪ್ಪನಿಗೆ ಪಕ್ಕದಲ್ಲೇ ಕುರ್ಚಿ ಹಾಕಿದ್ದೆ. ಅವನು ಅದನ್ನು ದರದರ ಎಳೆದುಕೊಂಡು ಹೋಗಿ ಬಾಗಿಲ ಹತ್ತಿರ ಕೂತ.

"ಅಪ್ಪಾ, ಇದು ಹತ್ರ ಕುಂತು ನೋಡೂದು."

"ಮುಂದ ಕುಂತ್ರ ಹಿಂದಿನವ್ರಿಗೆ ಹೆಂಗ ಕಾಣ್ತದೋ?" ಎಂದ.

ಅವನ ಹಿಂದೆ ಇದ್ದದ್ದು ನೀರಿನ ಫಿಲ್ಟರು.