ಹಿತ್ತಲಿಗೆ ವಿದ್ಯುದಾಗಮನ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಯನ್ನು ತಲುಪಿತೆಂಬುದು ಚರಿತ್ರೆ. ಆದರೆ ನಮ್ಮ ಅಡಿಗೆಮನೆಯ ಗೋಡೆಯಿಂದ ಹಿತ್ತಲಿನ ತಗಡಿನ ಶೆಡ್ಡಿಗೂ ಅದರ ಮುಂದಣ ಕಡಪಾಕಲ್ಲಿನ ಜಗಲಿಗೂ ಅದನ್ನು ಕೊಂಡೊಯ್ಯುವ ಯೋಜನೆಯು, ಶೇಷಾದ್ರಿ ಅಯ್ಯರವರಂಥ ದಿವಾನರು ನಮ್ಮ ಮನೆಯಲ್ಲಿಲ್ಲದ ಕಾರಣದಿಂದಲೋ ಏನೋ, ಇನ್ನೂ ಕಾಗದದ ಮೇಲೆಯೇ ವಿರಾಜಿಸುತ್ತಿದೆ.

ಎರಡು ದೀಪಗಳಿಂದ ಆರಂಭವಾದ ನನ್ನ ನಕ್ಷೆಯೊಳಗೆ ಫ್ಯಾನು, ನೀರಿನ ಮೋಟಾರು, ಕಡೆಗೆ ಗ್ರೈಂಡರು ಸಹ ಬಂಧುಗಳಂತೆ ಹೇಳದೆ ಕೇಳದೆ ಬಂದು ನೆಲಸಿದುವು. ಎಲೆಕ್ಟ್ರಿಷಿಯನ್ ಮಹಾಶಯನು ಅದನ್ನು ತಲೆಕೆಳಗಾಗಿ ಹಿಡಿದು ದೀರ್ಘಕಾಲ ಅವಲೋಕಿಸಿ, ನೆಲದೊಳಗೆ ಆರ್ಮರ್ಡ್ ಕೇಬಲ್ಲು, 30 ಮಿಲಿಆಂಪಿಯರ್ ಸೋರಿಕೆಗೇ ಮುನಿದು ಕೆಳಗೆ ಬೀಳುವ ಆರ್‌ಸಿಸಿಬಿ, ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಎಂದು ಪಟ್ಟಿಯೊಪ್ಪಿಸಿ, “ಬೇಸಗೇಲಿ ಗುಂಡೀಗೆ ನೀರು ಹಾಕ್ತಾ ಇರ್ಬೇಕು ಸಾರ್” ಎಂದನು.

“ಅಲ್ರೀ, ಹಾಗಾದ್ರೆ ಅಲ್ಲೇ ಒಂದು ಕರಿಬೇವಿನ ಗಿಡ ನೆಡೋಣ, ನೀರು ದಂಡ ಆಗೋಲ್ಲ” ಎಂದಳು ನನ್ನ ಪತ್ನಿ.

ಉಪ್ಪಿನಲ್ಲಿ ಕರಿಬೇವು ಬದುಕದೆಂದು ಅವನು ಸವಿನಯವಾಗಿ ನಿವೇದಿಸಲಾಗಿ, ಗುಂಡಿಯ ಸ್ಥಾನನಿರ್ಣಯವೇ ಅನಿರ್ದಿಷ್ಟವಾಗಿ ಮುಂದಕ್ಕೆ ಹೋಯಿತು. ಸದ್ಯಕ್ಕೆ ಶೆಡ್ಡಿನಲ್ಲಿ ಗುದ್ದಲಿಯನ್ನರಸುವುದು ಟಾರ್ಚಿನ ಬೆಳಕಿನಿಂದ. ಅದೂ, ಮೊಮ್ಮಗನು ಅದರ ಸೆಲ್ಲುಗಳನ್ನು ತನ್ನ ಆಟದ ಕಾರಿಗೆ ವರ್ಗಾಯಿಸದಿದ್ದ ಪಕ್ಷದಲ್ಲಿ.